ನಡುಕ ಬಳಗದ ಮುಖ್ಯ ಅತಿಥಿ

ಹೊಳೆನರಸೀಪುರದ ಸುತ್ತಮುತ್ತ ಎಲ್ಲೇ ಬೀಗರೂಟ ನಡೆಯಲಿ, ಪೈಪ್ ಅಂಗಡಿಯ ರಂಗಸ್ವಾಮಿಯನ್ನು ಕರೆಯದೆ ಕುರಿಮರಿ ಕುಯ್ಯುವ ರೂಢಿ ಇರಲಿಲ್ಲ. ತಾಳಿ ಕಟ್ಟಿಸುವುದಕ್ಕೆ ಪುರೋಹಿತರು ಹೇಗೋ, ತಾಳಿ ಕಟ್ಟಿ ಮುಗಿದ ಮೇಲೆ ಬೀಗರಿಗೆ ಬಾಡೂಟ ಹಾಕುವುದಕ್ಕೆ ರಂಗಸ್ವಾಮಿ ಹಾಗೆ. ಸಂತೆಯಲ್ಲಿ ಬೆನ್ನು ಒತ್ತಿ ನೋಡಿ ಮರಿ ಆರಿಸುವವನು ಅವನು. ತುಂಡು ಎಷ್ಟು ದಪ್ಪ ಇರಬೇಕೆಂದು ತೀರ್ಪು ಕೊಡುವವನು ಅವನು. ಬೆಳಗಿನ ಹೊತ್ತು ಮರಿ ಕುಯ್ಯುವಾಗ ಪಂಚೆ ಎತ್ತಿ ಕಟ್ಟಿ, ಸೊಂಟದ ಮೇಲೆ ಕೈಯಿಟ್ಟು ಎದುರಿಗೆ ನಿಲ್ಲುವವನೂ ಅವನೇ.

ಅವನು ನಿಲ್ಲುತ್ತಿದ್ದದ್ದು ನಿಜ. ನೋಡುತ್ತಿದ್ದನೇ ಎಂಬುದನ್ನು ಮಾತ್ರ ಯಾರೂ ನೋಡಿರಲಿಲ್ಲ, ಏಕೆಂದರೆ ಆ ಗಳಿಗೆಯಲ್ಲಿ ಎಲ್ಲರ ಕಣ್ಣೂ ಮರಿಯ ಮೇಲಿರುತ್ತದೆ. ಅಡುಗೆಯ ಬಸವೇಶ ಕತ್ತಿ ಎತ್ತುವುದಕ್ಕೂ ರಂಗಸ್ವಾಮಿ ಕತ್ತು ತಿರುಗಿಸಿ ಒಲೆಯ ಕಡೆಗೆ "ಈರುಳ್ಳಿ ಸಣ್ಣಗೆ ಹೆಚ್ರಲಾ" ಎಂದು ಗುಡುಗುವುದಕ್ಕೂ ಸರಿಹೋಗುತ್ತಿತ್ತು. ಕತ್ತಿಯ ಕೆಲಸ ಮುಗಿದು, ರಕ್ತದ ಬಾಂಡ್ಲಿ ಅತ್ತ ಹೋಗಿ, ನೆಲಕ್ಕೆ ನೀರು ಬೀಳುವ ತನಕ ಈರುಳ್ಳಿಯ ವಿಚಾರಣೆ ನಡೆಯುತ್ತಿತ್ತು. ಇಷ್ಟು ರಕ್ತದ ನಡುವೆಯೂ ಈರುಳ್ಳಿಯ ಮೇಲೆ ಗಮನ ಇಟ್ಟಿರುವ ಗಂಡಸು ಎಂದು ಜನ ಬೆರಗಾಗುತ್ತಿದ್ದರು.

ಸತ್ಯ ಗೊತ್ತಿದ್ದದ್ದು ಹೆಂಡತಿ ಸ್ನೇಹಲತಾಗೆ. ಆಕೆ ಹುರುಳಿಕಾಯಿ ಹೆಚ್ಚುವಾಗ ಬೆರಳು ಕುಯ್ದುಕೊಂಡರೆ ಮೊದಲು ನೆಲಕ್ಕೆ ಬೀಳುತ್ತಿದ್ದವನು ಗಂಡ. ಒಂದು ಕೈಯಲ್ಲಿ ತನ್ನ ಬೆರಳಿಗೆ ಬಟ್ಟೆ ಸುತ್ತಿಕೊಂಡು ಇನ್ನೊಂದು ಕೈಯಲ್ಲಿ ಗಂಡನಿಗೆ ಗಾಳಿ ಬೀಸುವ ವಿದ್ಯೆ ಆಕೆಗೆ ಕರಗತವಾಗಿತ್ತು. ಮಗಳು ಅನುಶ್ರೀ ಊರಿನ ಲ್ಯಾಬೊಂದರಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಅವಳು ಕೆಲಸಕ್ಕೆ ಸೇರಿದ ಮೇಲೆ ರಂಗಸ್ವಾಮಿ ಆ ಬೀದಿಯಲ್ಲೇ ಓಡಾಡುವುದನ್ನು ಬಿಟ್ಟಿದ್ದ.

ಇಷ್ಟಾದರೂ ಅವನಲ್ಲಿದ್ದ ದೊಡ್ಡ ರೋಗ ಹೆದರಿಕೆಯಲ್ಲ, ಬಾಯಿ. ಅನುಶ್ರೀಗೆ ಈ ಹಿಂದೆ ಬಂದ ಒಳ್ಳೊಳ್ಳೆಯ ಸಂಬಂಧಗಳು ತಪ್ಪಿಹೋದದ್ದು ಜಾತಕದಿಂದಲ್ಲ, ಅಪ್ಪನ ಮಾತಿನಿಂದ. ಮಿಲಿಟರಿಯ ಹುಡುಗ ಬಂದಾಗ ತಾನೂ ಮಿಲಿಟರಿಗೆ ಆಯ್ಕೆಯಾಗಿದ್ದೆ ಎಂದ, ಯಾವ ವರ್ಷ ಎಂದು ಅವರು ಕೇಳಿದರು. ರೇಷ್ಮೆಯವರು ಬಂದಾಗ ರೇಷ್ಮೆಯ ವಿಷಯದಲ್ಲಿ ಅವರಿಗೇ ಪಾಠ ಹೇಳಿದ, ಅವರು ಉಪ್ಪಿಟ್ಟು ಮುಗಿಸಿ ಎದ್ದರು. ಆದ್ದರಿಂದ ಹಿರೀಸಾವೆಯ ಹುಡುಗ ನೋಡಲು ಬರುವ ದಿನ ಅನುಶ್ರೀ ಅಪ್ಪನ ಎದುರು ಬಂದು ನಿಂತಳು.

"ಅಪ್ಪ, ಈ ಹುಡ್ಗ ನಂಗೆ ಹಿಡ್ಸವ್ನೆ. ಫೋನಲ್ಲಿ ಮಾತಾಡಿದೀನಿ. ನೀನು ಬಾಯಿ ತೆಗೀಬ್ಯಾಡ. ಬರೀ ನಗು."

ರಂಗಸ್ವಾಮಿ ಒಪ್ಪಿಕೊಂಡ. ಮಗಳು ಇದುವರೆಗೆ ಯಾರನ್ನೂ ಹಿಡಿಸಿದ್ದಾನೆ ಎಂದಿರಲಿಲ್ಲ.

ಹುಡುಗನ ಅಪ್ಪ ಬಸವರಾಜು ಹಿರೀಸಾವೆಯಲ್ಲಿ ಹೆದ್ದಾರಿಯ ಪಕ್ಕ ಹೋಟೆಲು ಇಟ್ಟುಕೊಂಡವರು, ಮಿತಭಾಷಿ, ಲೋಟದ ಅಂಚು ನೋಡಿಯೇ ಕಾಫಿ ಹೇಗಿದೆ ಎಂದು ಹೇಳಬಲ್ಲವರು. ಮಗ ಅಭಿಷೇಕ್ ಹಾಸನದ ಕಾಲೇಜೊಂದರಲ್ಲಿ ಮೇಷ್ಟ್ರು. ಬಂದರು, ಕುಳಿತರು, ಕೇಸರಿಬಾತು ಬಂತು. ರಂಗಸ್ವಾಮಿ ನಕ್ಕ. ಅವರು ಬಸ್ಸಿನ ವಿಷಯ ಮಾತಾಡಿದರು, ನಕ್ಕ. ಅವರ ಮನೆಯಲ್ಲಿ ಯಾರೋ ತೀರಿಕೊಂಡ ವಿಷಯ ಬಂತು, ಆಗಲೂ ನಕ್ಕ. ಸ್ನೇಹಲತಾ ಹಿಂದಿನಿಂದ ಚಿವುಟಿದ ಮೇಲೆ ಮುಖ ಸರಿಮಾಡಿಕೊಂಡ.

ಎಲ್ಲ ಚೆನ್ನಾಗಿ ನಡೆಯುತ್ತಿದ್ದಾಗ ದೊಡ್ಡಮ್ಮ ಬಾಯಿ ತೆರೆದಳು. ದೊಡ್ಡಮ್ಮ ಎಂದರೆ ರಂಗಸ್ವಾಮಿಯ ದೊಡ್ಡಪ್ಪನ ಹೆಂಡತಿ, ಅರಕಲಗೂಡಿನವಳು. ಅವಳು ಹೂಂ ಎನ್ನದೆ ಆ ವಂಶದಲ್ಲಿ ಯಾವ ಮದುವೆಯೂ ಆದದ್ದಿಲ್ಲ. ಕೆಲಸ ಬಿಟ್ಟ ಮೇಲೆ ಸಂಜೆ ಹೊತ್ತು ಏನು ಮಾಡುತ್ತೀಯ, ಇಸ್ಪೀಟು ಗಿಸ್ಪೀಟು ಉಂಟೋ ಎಂದು ಹುಡುಗನನ್ನು ಕೇಳಿದಳು. ಬೇರೆ ಹುಡುಗರಾಗಿದ್ದರೆ ವಾಲಿಬಾಲ್ ಎನ್ನುತ್ತಿದ್ದರು. ಅಭಿಷೇಕ್ ಸುಳ್ಳು ಹೇಳುವುದನ್ನು ಕಲಿತಿರಲಿಲ್ಲ.

"ಸಿನಿಮಾ ನೋಡ್ತೀನಿ ಅಜ್ಜಿ. ಹೆದರಿಸೋ ಸಿನಿಮಾ. ಅದ್ರಲ್ಲೂ ರಕ್ತ ಜಾಸ್ತಿ ಇರೋ ಹಳೇ ಫಾರಿನ್ನಿನವು."

ಎಷ್ಟು ರಕ್ತ ಎಂದು ದೊಡ್ಡಮ್ಮ ಕೇಳಿದಳು. ಹುಡುಗ ಕಣ್ಣರಳಿಸಿ ಹೇಳತೊಡಗಿದ. ಒಂದರಲ್ಲಿ ಐಸ್ ಕಾರ್ಖಾನೆಯ ಮಾಲೀಕ ಇದ್ದಾನೆ, ಬಂದ ಗಿರಾಕಿಗಳನ್ನು ಐಸಿನಲ್ಲಿ ಇಡುತ್ತಾನೆ, ಬೇಕಾದಾಗ ಬೇಕಾದಷ್ಟು ತುಂಡು ತೆಗೆಯುತ್ತಾನೆ. ಎಷ್ಟೋ ದೇಶಗಳಲ್ಲಿ ಅದನ್ನು ತೋರಿಸಲು ಬಿಡಲಿಲ್ಲ, ನೋಡಿದವರು ವಾಂತಿ ಮಾಡಿಕೊಂಡರು, ಆದರೂ ಇಷ್ಟು ವರ್ಷವಾದ ಮೇಲೂ ಹುಡುಕಿ ಹುಡುಕಿ ನೋಡುವವರಿದ್ದಾರೆ. ಹಾಸನದಲ್ಲಿ ತಾವೇ ಕೆಲವರು ಸೇರಿ 'ನಡುಕ ಗೆಳೆಯರ ಬಳಗ' ಎಂದು ಕಟ್ಟಿಕೊಂಡಿದ್ದೇವೆ.

ಕೇಸರಿಬಾತಿನ ಚಮಚಗಳು ಬಾಯಿಗೂ ತಟ್ಟೆಗೂ ನಡುವೆ ನಿಂತವು. ಯಾರೋ ಒಬ್ಬರು ತಟ್ಟೆಯೊಳಗಿನ ಕೆಂಪು ಕೇಸರಿಬಾತನ್ನು ನೋಡಿ ಮೆಲ್ಲಗೆ ಕೆಳಗಿಟ್ಟರು. ಬಸವರಾಜು ನೆಲ ನೋಡುತ್ತ, ಇವನು ಭಕ್ತಿ ಪಿಕ್ಚರೂ ನೋಡುತ್ತಾನೆ ಎಂದು ಗೊಣಗಿದರು. ದೊಡ್ಡಮ್ಮ ಎಲೆಅಡಿಕೆ ಚೀಲದ ದಾರ ಎಳೆದು ಬಿಗಿ ಮಾಡಿದಳು. ಆ ದಾರ ಬಿಗಿಯಾಯಿತೆಂದರೆ ಹೊರಡುವ ಸೂಚನೆ. ರಂಗಸ್ವಾಮಿ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಕಾಫಿ ತಟ್ಟೆ ಹಿಡಿದು ನಿಂತಿದ್ದ ಅನುಶ್ರೀಯ ಮುಖ ಬಿಳಿಚಿಕೊಂಡಿತ್ತು. ಅಪ್ಪನ ಕರುಳು ಕಿವುಚಿತು. ಕರುಳಿಗೂ ಬಾಯಿಗೂ ಅವನಲ್ಲಿ ನೇರ ಪೈಪು ಇತ್ತು.

"ಅದ್ರಲ್ಲೇನದೆ ಬುಡಿ ಗೌಡ್ರೆ. ನಂಗೂ ಅದೇ ಹುಚ್ಚು. ವಾರಕ್ಕೊಂದಾದ್ರೂ ರಕ್ತದ ಪಿಕ್ಚರ್ ನೋಡ್ದೆ ಇದ್ರೆ ಅನ್ನ ಇಳಿಯಾಕಿಲ್ಲ ನಂಗೆ."

ಒಳಗೆ ಸ್ನೇಹಲತಾ ಕೈಯಿಂದ ಸೌಟು ಬಿತ್ತು. ಆದರೆ ಹೊರಗೆ ಗಾಳಿ ಆಡಿತು. ಬಸವರಾಜು ತಲೆ ಎತ್ತಿದರು. ಹೆಣ್ಣಿನ ಅಪ್ಪನೇ ನೋಡುತ್ತಾನೆಂದ ಮೇಲೆ ಅದು ಮರ್ಯಾದಸ್ಥರ ಅಭ್ಯಾಸವೇ ಇರಬೇಕು. ದೊಡ್ಡಮ್ಮ ಚೀಲದ ದಾರ ಸಡಿಲಿಸಿದಳು. ಅಭಿಷೇಕ್ ಅಂತೂ ಕಾಡಿನಲ್ಲಿ ನೆಂಟ ಸಿಕ್ಕವನಂತೆ ರಂಗಸ್ವಾಮಿಯನ್ನೇ ನೋಡುತ್ತಿದ್ದ. ಮಾತು ಕುದುರಿತು. ಆಷಾಢ ಎದುರಿಗೇ ಇದ್ದದ್ದರಿಂದ ನಿಶ್ಚಿತಾರ್ಥ ಶ್ರಾವಣಕ್ಕೆ ಎಂದಾಯಿತು.

ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎನ್ನುತ್ತಾರಲ್ಲ, ಆ ಇರುವೆ ಮಾರನೆಯ ದಿನವೇ ಫೋನಿನಲ್ಲಿ ಹರಿಯತೊಡಗಿತು. ಅಭಿಷೇಕ್‌ಗೆ ಎಷ್ಟೋ ವರ್ಷದಿಂದ ಹಿರಿಯರ ಜೊತೆ ಈ ವಿಷಯ ಮಾತಾಡುವ ಆಸೆ ಇತ್ತು. ಅಂಗಡಿಯಲ್ಲಿ ಗಿರಾಕಿಗೆ ಪೈಪು ಅಳೆಯುತ್ತಿದ್ದಾಗ ಫೋನು ಬಂತು. ಆ ಹಳೆಯ ಸಿನಿಮಾಗಳಲ್ಲಿ ರಕ್ತ ಅಷ್ಟು ಕಡುಗೆಂಪು ಯಾಕಿರುತ್ತದೆ, ನಿಮ್ಮ ಅಭಿಪ್ರಾಯ ಏನು ಎಂದು ಕೇಳಿದ. ರಂಗಸ್ವಾಮಿಗೆ ಕೆಂಪು ಬಣ್ಣದ ಬಗ್ಗೆ ತಿಳಿದಿದ್ದದ್ದು ಒಂದೇ.

"ಬ್ಯಾಡಗಿ ಮೆಣಸಿನಕಾಯಿ ಕಣಪ್ಪ. ಗುಂಟೂರು ಹಾಕುದ್ರೆ ಖಾರ ಬತ್ತದೆ, ಬಣ್ಣ ಬರಾಕಿಲ್ಲ."

ಅತ್ತ ಕಡೆಯಿಂದ ಭಾವುಕ ಉಸಿರು. ಎಷ್ಟು ದೊಡ್ಡ ಮಾತು ಮಾವ, ಹೆದರಿಕೆ ಬೇರೆ, ಹೆದರಿಕೆಯ ಬಣ್ಣ ಬೇರೆ, ಈಗಿನವರು ಬರೀ ಖಾರ ಹಾಕುತ್ತಾರೆ ಎಂದ ಅಭಿಷೇಕ್. ಅಂದಿನಿಂದ ರಂಗಸ್ವಾಮಿಗೆ ದಾರಿ ಸಿಕ್ಕಿತು. ಏನು ಕೇಳಿದರೂ ಬಾಡೂಟದ ಅನುಭವದಿಂದ ಉತ್ತರ ಕೊಡುವುದು. ನಿಧಾನವಾಗಿ ಸಾಗುವ ಸಿನಿಮಾ ಒಳ್ಳೆಯದೋ ಬೇಗ ಬೇಗ ಹೋಗುವುದೋ ಎಂದರೆ, ಸಣ್ಣ ಉರಿಯಲ್ಲಿ ಬೇಯಬೇಕು, ಕುಕ್ಕರ್ ಕೂಗಿಸಿದರೆ ರುಚಿ ಓಡಿಹೋಗುತ್ತದೆ ಎಂದ. ಕಥೆ ಇಲ್ಲದೆ ಬರೀ ಕುಯ್ಯುವ ಸಿನಿಮಾ ಹೇಗೆ ಎಂದರೆ, ಎಲುಬಿಲ್ಲದ ಸಾರು ಸಾರೇ ಅಲ್ಲ ಎಂದ. ಈ ಮಾತುಗಳೆಲ್ಲ ನಡುಕ ಬಳಗದ ವಾಟ್ಸಾಪಿನಲ್ಲಿ ಹೋಗಿ ಕುಳಿತವು. ಓದಿದವರು ಬೆಚ್ಚಿದರು. ಇಂಥ ಮನುಷ್ಯ ಹೊಳೆನರಸೀಪುರದಲ್ಲಿ ಪೈಪು ಮಾರುತ್ತ ಕುಳಿತಿದ್ದಾನೆಯೇ?

ಇನ್ನೇನು, ಬಳಗದ ವಾರ್ಷಿಕ ಪ್ರದರ್ಶನಕ್ಕೆ ಅವನನ್ನೇ ಮುಖ್ಯ ಅತಿಥಿಯಾಗಿ ಕರೆದರು.

ಪ್ರದರ್ಶನ ಆಷಾಢದಲ್ಲಿ. ಯಾಕೆಂದರೆ ಆಷಾಢದಲ್ಲಿ ಮದುವೆಗಳಿಲ್ಲ, ಹಾಸನದ ಕಲ್ಯಾಣ ಮಂಟಪಗಳಲ್ಲಿ ಪಾರಿವಾಳಗಳಷ್ಟೇ ಓಡಾಡುತ್ತಿರುತ್ತವೆ, ಕೇಳಿದವರಿಗೆ ಮಂಟಪ ಸಿಗುತ್ತದೆ. ರಂಗಸ್ವಾಮಿ ತಪ್ಪಿಸಿಕೊಳ್ಳಲು ಆಷಾಢವನ್ನೇ ಹಿಡಿದ. ಸಂಬಂಧ ಕೂಡುವ ಎರಡು ಮನೆಯವರು ಆಷಾಢದಲ್ಲಿ ಎದುರುಬದುರು ಆಗಬಾರದಲ್ಲವೇ ಎಂದು ದೊಡ್ಡಮ್ಮನಿಗೆ ಫೋನು ಮಾಡಿದ. ದೊಡ್ಡಮ್ಮ ಯೋಚಿಸಿ, ಆಷಾಢ ಅಡ್ಡ ಬರುವುದು ಶುಭಕಾರ್ಯಕ್ಕೆ, ಜನರನ್ನು ಐಸಿನಲ್ಲಿಟ್ಟು ಕುಯ್ಯುವುದು ಶುಭಕಾರ್ಯವಲ್ಲ, ಆದ್ದರಿಂದ ಹೋಗಬಹುದು, ತಾನೂ ಬರುತ್ತೇನೆ ಎಂದು ತೀರ್ಪಿತ್ತಳು. ಬೀಗರು ಕರೆದ ಕಡೆ ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಬಸವರಾಜು ಕೂಡ ಹೋಟೆಲು ಬಿಟ್ಟು ಬಂದರು.

ಪ್ರದರ್ಶನದ ಹಿಂದಿನ ರಾತ್ರಿ ರಂಗಸ್ವಾಮಿ ಕಣ್ಣು ಮುಚ್ಚಲಿಲ್ಲ. ಕೊನೆಗೆ ಉಪಾಯ ಹೊಳೆಯಿತು. ಬೆಳಗ್ಗೆ ಕಪ್ಪು ಕನ್ನಡಕ ಹಾಕಿಕೊಂಡು, ಕಣ್ಣಿಗೆ ಗಾಳಿ ತಾಗಬಾರದೆಂದು ಡಾಕ್ಟರು ಹೇಳಿದ್ದಾರೆಂದು ಪ್ರಚಾರ ಮಾಡಿದ. ಕನ್ನಡಕದ ಹಿಂದೆ ಕಣ್ಣು ಮುಚ್ಚಿಕೊಂಡು ಕುಳಿತರೆ ಯಾರಿಗೆ ಗೊತ್ತಾಗುತ್ತದೆ?

ಮಂಟಪದಲ್ಲಿ ಜ್ಯೇಷ್ಠದ ಕೊನೆಯ ಮದುವೆಯ ಅಲಂಕಾರ ಹಾಗೇ ಇತ್ತು. ಗೋಡೆಯಲ್ಲಿ ಥರ್ಮೋಕೋಲಿನ ಹೃದಯ, ಅದರೊಳಗೆ ಯಾರದೋ ಹೆಸರು. ಧಾರೆ ಎರೆಯುವ ಜಾಗದಲ್ಲಿ ಬಿಳಿ ಪರದೆ. ರಂಗಸ್ವಾಮಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಪರದೆಯ ಬದಿಗೆ ಓರೆಯಾಗಿ ಇಟ್ಟಿದ್ದ, ಮದುಮಗ ಕೂರುವ ಮಖಮಲ್ಲಿನ ಸಿಂಹಾಸನದಲ್ಲಿ ಕೂರಿಸಿದರು. ಪಕ್ಕದ ಮದುಮಗಳ ಆಸನದಲ್ಲಿ ಬಸವರಾಜು. ಮುಂದಿನ ಸಾಲಿನಲ್ಲಿ ದೊಡ್ಡಮ್ಮ, ತೊಡೆಯ ಮೇಲೆ ಚಕ್ಕುಲಿ ಡಬ್ಬ. ದೀಪ ಆರಿತು. ಐಸ್ ಕಾರ್ಖಾನೆಯ ಬಾಗಿಲು ಕಿರ್ರೆಂದಿತು. ರಂಗಸ್ವಾಮಿ ಕಣ್ಣು ಮುಚ್ಚಿದ.

ರಾತ್ರಿಯಿಡೀ ನಿದ್ದೆಯಿಲ್ಲದ ಶರೀರ, ಮೆತ್ತನೆಯ ಆಸನ, ಮೇಲೆ ಫ್ಯಾನು. ಮನುಷ್ಯ ಏನು ಮಾಡಬೇಕೋ ಅದನ್ನೇ ಮಾಡಿದ.

ಪರದೆಯ ಮೇಲೆ ಕಾರ್ಖಾನೆಯ ಮಾಲೀಕ ಮೊದಲ ಗಿರಾಕಿಯ ಕೆಲಸ ಮುಗಿಸಿದಾಗ ಹಿಂದಿನ ಸಾಲಿನ ಒಬ್ಬ ಎದ್ದು ಹೊರಗೆ ಓಡಿದ. ಎರಡನೆಯವನ ಸರದಿ ಬಂದಾಗ ಬಳಗದ ಹಳಬರೇ ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡರು. ದೊಡ್ಡಮ್ಮ ಚಕ್ಕುಲಿ ಮರೆತು ಮುಂದಕ್ಕೆ ಬಾಗಿ, "ಆ ಬಾಗ್ಲು ತೆಗೀಬ್ಯಾಡ ಕಣವ್ವ, ಒಳಗವ್ನೆ ಅವ್ನು" ಎಂದು ಪರದೆಯ ಹುಡುಗಿಗೆ ಬುದ್ಧಿ ಹೇಳುತ್ತಿದ್ದಳು. ಆ ಹುಡುಗಿ ತೆಗೆದೇ ತೆಗೆದಳು. ಬಸವರಾಜು ಬೆವರಿ ನೀರಾದರು. ಜೀವನದಲ್ಲಿ ಇಂಥದ್ದನ್ನು ಕಂಡವರಲ್ಲ. ಧೈರ್ಯಕ್ಕೆಂದು ಪಕ್ಕದ ಬೀಗರ ಕಡೆ ತಿರುಗಿದರು.

ಬೀಗರು ಗೊರಕೆ ಹೊಡೆಯುತ್ತಿದ್ದರು. ಪೇಟ ಹಣೆಯ ಮೇಲೆ ಜಾರಿತ್ತು. ತುಟಿಯ ಮೇಲೆ ಮಗುವಿನಂಥ ಮುಗುಳ್ನಗೆ.

ಸಿನಿಮಾ ಮುಗಿದಾಗ ಬಳಗದವರು ಸಿಂಹಾಸನದ ಸುತ್ತ ಕೈಕಟ್ಟಿ ನಿಂತರು. ಲೋಕವೇ ತಲ್ಲಣಿಸಿದ ಸಿನಿಮಾಕ್ಕೆ ಒಬ್ಬ ಮನುಷ್ಯ ನಿದ್ದೆ ಹೋಗಿದ್ದಾನೆ. ಎಚ್ಚರಿಸಿದಾಗ ರಂಗಸ್ವಾಮಿ ಆಕಳಿಸಿ, ಊಟ ಆಯಿತೇ ಎಂದು ಕೇಳಿದ್ದು ಅವರ ಭಕ್ತಿಯನ್ನು ಇಮ್ಮಡಿ ಮಾಡಿತು. ಹಿಂದೆ ಪರದೆಯಲ್ಲಿ ರಕ್ತ ಹರಿಯುತ್ತಿರುವಂತೆ, ಮುಂದೆ ಪೇಟ ತೊಟ್ಟವನು ನಿದ್ರಿಸುತ್ತಿರುವಂತೆ ಯಾರೋ ತೆಗೆದ ಫೋಟೋ ಮಧ್ಯಾಹ್ನದ ಹೊತ್ತಿಗೆ ನಾಲ್ಕು ತಾಲ್ಲೂಕು ಸುತ್ತಿತು.

ಊರು ಬೆಚ್ಚಿಬಿತ್ತು. ಅಂಗಡಿಯ ಮುಂದೆ ಹೋಗುವ ತಾಯಂದಿರು ಮಕ್ಕಳನ್ನು ಆಚೆ ಬದಿಗೆ ಎಳೆದುಕೊಂಡರು. ಪೈಪಿನ ಗಿರಾಕಿಗಳು ಚೌಕಾಸಿ ಮಾಡುವುದನ್ನೇ ಬಿಟ್ಟರು. ಪೊಲೀಸ್ ಪೇದೆಯೊಬ್ಬರು ನಲ್ಲಿ ಕೊಳ್ಳಲು ಬಂದು, ನಲ್ಲಿ ಕೊಳ್ಳದೆ, ಗೋಡೌನಿನಲ್ಲಿ ಏನಿದೆ ಎಂದು ವಿಚಾರಿಸಿ, ಫ್ರಿಜ್ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೋದರು. ರಂಗಸ್ವಾಮಿಗೆ ಇದೆಲ್ಲ ಹಿತವಾಗಿಯೇ ಇತ್ತು. ಗಂಡಸಿಗೆ ಊರು ಹೆದರಿದರೆ ಒಂದು ಸುಖ. ಆ ಸುಖದಲ್ಲಿ ಅವನಿಗೆ ಹಿರೀಸಾವೆಯ ಕಡೆಯಿಂದ ಫೋನು ಬರುವುದು ನಿಂತದ್ದು ಗೊತ್ತಾಗಲಿಲ್ಲ. ಅನುಶ್ರೀಗೆ ಗೊತ್ತಾಯಿತು.

ಬಸವರಾಜು ಆ ದಿನದಿಂದ ಊಟ ಬಿಟ್ಟಿದ್ದರು. ಅವರು ಹೆಂಡತಿಯ ತಮ್ಮ ದೇವರಾಜುವನ್ನು ಕರೆದು ಮನಸ್ಸು ಬಿಚ್ಚಿದರು.

"ನೋಡ್ಲಾ ದೇವ, ಅದನ್ನ ನೋಡಿ ಎದ್ರುಕೊಂಡೋನು ನಾನು, ಸರಿ. ಎದ್ರುಕೊಂಡೂ ನೋಡೋನು ನನ್ನ ಮಗ, ಅದೂ ಸರಿ. ಜನನ್ನ ಕುಯ್ತಾ ಇದ್ರೆ ನಿದ್ದೆ ಬತ್ತದಲ್ಲ, ಅವನು ಎಂಥ ಆಸಾಮಿ? ಓಗಿ ಇಚಾರಿಸ್ಕೊಂಡು ಬಾ."

ಸಂಬಂಧ ಮಾಡುವ ಮುಂಚೆ ಊರಿನಲ್ಲಿ ಗುಟ್ಟಾಗಿ ವಿಚಾರಿಸುವುದು ನಮ್ಮ ಕಡೆಯ ಪದ್ಧತಿ. ಯಾರಾದರೂ ಬಂದು ವಿಚಾರಿಸಿದರೆ ನೆರೆಯವರು ನಾಲ್ಕು ಒಳ್ಳೆಯ ಮಾತು ಸೇರಿಸಿ ಹೇಳುವುದೂ ಪದ್ಧತಿಯೇ. ಹೆಣ್ಣುಮಗಳ ಬಾಳಿನ ವಿಷಯ, ಒಂದು ಮಾತಿನಿಂದ ಕೆಡಬಾರದು. ದೇವರಾಜು ಮೊದಲು ಸಿಕ್ಕಿದ್ದು ಪಕ್ಕದ ಮನೆಯ ಹುಚ್ಚಯ್ಯ ಮೇಷ್ಟ್ರಿಗೆ. ನಿವೃತ್ತರಾದ ಮೇಷ್ಟ್ರು, ಸತ್ಯವಂತರು, ಆದರೆ ರಂಗಸ್ವಾಮಿಯ ಮಗಳು ಅವರ ಶಿಷ್ಯೆ. ಅವರು ಮನಸಾರೆ ಹೊಗಳಿದರು. ರಂಗಸ್ವಾಮಿ ಕತ್ತಿಯ ಮುಂದೆ ನಿಂತರೆ ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ. ಆ ಕುಟುಂಬಕ್ಕೆ ರಕ್ತವೆಂದರೆ ನೀರಿದ್ದ ಹಾಗೆ. ಮಗಳಂತೂ ಬೆಳಗಿನಿಂದ ಸಂಜೆಯವರೆಗೆ ಜನರ ರಕ್ತ ತೆಗೆಯುವುದೇ ಕೆಲಸ, ಎಂಥವರೂ ಅವಳ ಕೈಗೆ ಸಿಕ್ಕರೆ ಬಿಡಿಸಿಕೊಂಡು ಹೋಗಲಾರರು.

ಅಡುಗೆಯ ಬಸವೇಶ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅಣ್ಣ ಎದುರಿಗೆ ನಿಂತರೆ ಕತ್ತಿಗೂ ಧೈರ್ಯ ಬರುತ್ತದೆ, ಆ ಹೊತ್ತಿನಲ್ಲೂ ಅವರಿಗೆ ಈರುಳ್ಳಿಯದೇ ಚಿಂತೆ ಎಂದ.

ದೇವರಾಜು ತರಿಸಿದ ಟೀ ಕುಡಿಯದೆ ಬಸ್ಸು ಹತ್ತಿದ.

ಆಷಾಢ ಇನ್ನೂ ಮುಗಿದಿರಲಿಲ್ಲ. ಕೂಡುವ ಮಾತಿಗೆ ಆಷಾಢ ಅಡ್ಡಿ, ಮುರಿಯುವ ಮಾತಿಗೆ ಯಾವ ಮಾಸವಾದರೇನು? ಬಸವರಾಜು ಒಂದು ಭಾನುವಾರ ಬೆಳಗ್ಗೆ ಬಂದರು. ಹಣ್ಣಿಲ್ಲ, ಹೂವಿಲ್ಲ, ಬರಿಗೈ. ಹಿಂದೆ ಅಭಿಷೇಕ್, ಅತ್ತ ಅಪ್ಪನನ್ನು ತಡೆಯಲಾರದೆ, ಇತ್ತ ಅನುಶ್ರೀಯ ಮುಖ ನೋಡಲಾರದೆ. ದೊಡ್ಡಮ್ಮ ಅಂದು ಅಲ್ಲೇ ಇದ್ದಳು. ಕುಳಿತುಕೊಳ್ಳಿ ಎಂದರೂ ಬಸವರಾಜು ಕುಳಿತುಕೊಳ್ಳಲಿಲ್ಲ.

"ತಪ್ಪು ತಿಳ್ಕಬ್ಯಾಡಿ ರಂಗಸ್ವಾಮಿಗಳೆ. ನಾವು ಮೆತ್ತಗಿನ ಜನ. ಇರುವೆ ಸತ್ರೂ ನಮ್ಮನೇಲಿ ಬೇಜಾರು ಮಾಡ್ಕತೀವಿ. ನಿಮ್ಮಷ್ಟು ಗಟ್ಟಿ ಎದೆಯೋರ ಜೊತೆ ಬೀಗತನ ನಮ್ಮ ಕೈಲಾಗಾಕಿಲ್ಲ."

ರಂಗಸ್ವಾಮಿ ತಿರುಗಿ ನೋಡಿದ. ಬಾಗಿಲ ಬಳಿ ಅನುಶ್ರೀ ನಿಂತಿದ್ದಳು. ಅವಳು ಬಯ್ಯಲಿಲ್ಲ, ಅಳಲಿಲ್ಲ. ಈ ಸಲವೂ ಆಯಿತಲ್ಲ ಅಪ್ಪ ಎನ್ನುವಂತೆ ನೋಡಿದಳು. ಅವನು ಹುಟ್ಟಿದ ಮೇಲೆ ಮೊದಲ ಬಾರಿಗೆ ತನ್ನನ್ನು ತಾನು ಕಡಿಮೆ ಮಾಡಿಕೊಂಡು ಮಾತಾಡಿದ. ತಾನು ಪುಕ್ಕಲ. ಒಂದು ಪಿಕ್ಚರೂ ನೋಡಿದವನಲ್ಲ. ರಕ್ತ ಕಂಡರೆ ಬೀಳುತ್ತೇನೆ. ಕನ್ನಡಕದ ಹಿಂದೆ ಕಣ್ಣು ಮುಚ್ಚಿಕೊಂಡಿದ್ದೆ, ನಿದ್ದೆ ಬಂತು. ಮರಿ ಕುಯ್ಯುವಾಗ ಈರುಳ್ಳಿ ಈರುಳ್ಳಿ ಎನ್ನುವುದೂ ಅದಕ್ಕೇ.

ಬಸವರಾಜು ನಂಬಲಿಲ್ಲ. ಸಂಬಂಧ ಉಳಿಸಿಕೊಳ್ಳಲು ಹೇಳುತ್ತಿದ್ದೀರಿ ಎಂದರು. ಸ್ನೇಹಲತಾ ಹೌದು ನಿಜ ಎಂದಳು. ಹೆಂಡತಿ ಬೇರೇನು ಹೇಳಿಯಾಳು? ರಂಗಸ್ವಾಮಿ ಸಾಕ್ಷಿಗೆಂದು ಹುಚ್ಚಯ್ಯ ಮೇಷ್ಟ್ರನ್ನೂ ಬಸವೇಶನನ್ನೂ ಕೂಗಿ ಕರೆಸಿ, ನಾನು ಹೆದರುಪುಕ್ಕ ಎಂದು ಹೇಳಿ ಎಂದು ಕೈಮುಗಿದ. ಇಬ್ಬರೂ ಬೆಚ್ಚಿದರು. ಬೀಗರ ಎದುರಿಗೆ ಹೀಗೆ ತಗ್ಗಿ ಮಾತಾಡುವುದು ಅವರ ದೊಡ್ಡಗುಣ ಎಂದರು ಮೇಷ್ಟ್ರು. ಬಸವೇಶನ ಕಣ್ಣು ತುಂಬಿತು. "ಯಾರಣ್ಣ ನಿನ್ನ ಪುಕ್ಕಲ ಅಂದೋನು? ನಾನಿವ್ನಿ, ನಿನ್ನ ಮರ್ಯಾದಿ ಓಗಾಕೆ ಬುಡಾಕಿಲ್ಲ" ಎಂದು ಎದೆ ತಟ್ಟಿಕೊಂಡ. ಸುಳ್ಳನ್ನು ನಂಬಿಸಲು ಒಂದು ಮಾತು ಸಾಕಾಗಿತ್ತು, ಸತ್ಯವನ್ನು ನಂಬಿಸಲು ಊರೇ ಸೇರಿದರೂ ಆಗಲಿಲ್ಲ.

ಕೊನೆಗೆ ರಂಗಸ್ವಾಮಿ ಅಭಿಷೇಕ್ ಕಡೆ ತಿರುಗಿ, ಆ ಐಸಿನ ಪಿಕ್ಚರ್ ಇದೆಯೇ ಎಂದು ಕೇಳಿದ. ಹುಡುಗನ ಜೇಬಿನಲ್ಲಿ ಪೆನ್‌ಡ್ರೈವ್ ಇಲ್ಲದ ದಿನ ಉಂಟೇ?

"ಆಕು ಟೀವಿಗೆ. ಕನ್ನಡಕ ಇಲ್ದೆ ನೋಡ್ತೀನಿ. ಎಲ್ರೂ ಪಿಕ್ಚರ್ ಬುಟ್ಟು ನನ್ನ ಮೊಕ ನೋಡಿ."

ಹಾಗೆಯೇ ಆಯಿತು. ಕಿಟಕಿಯ ತುಂಬ ನೆರೆಯವರು. ರಂಗಸ್ವಾಮಿ ಚಾಪೆಯ ಮೇಲೆ, ಪಕ್ಕದಲ್ಲಿ ಬಸವರಾಜು. ಈಗಾಗಲೇ ಒಮ್ಮೆ ನೋಡಿ ಪಳಗಿದ್ದ ದೊಡ್ಡಮ್ಮ ಕುರ್ಚಿಯಲ್ಲಿ ಕುಳಿತು, ಈಗ ಹುಡುಗಿ ಬರುತ್ತಾಳೆ, ಈಗ ಲೈಟು ಹೋಗುತ್ತದೆ, ಈಗ ಐಸಿನೊಳಗೆ ಏನೋ ಕಾಣುತ್ತದೆ ನೋಡು ಎಂದು ಮೊದಲೇ ಹೇಳುತ್ತ ಹೋದಳು. ಇದರಿಂದ ಹೆದರಿಕೆ ಎರಡೆರಡು ಸಲ ಬರುವಂತಾಯಿತು. ಇನ್ನೂ ಒಂದು ತೊಟ್ಟು ರಕ್ತ ಬಿದ್ದಿರಲಿಲ್ಲ. ಹುಡುಗಿ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟಳು, ಅಷ್ಟೆ. ರಂಗಸ್ವಾಮಿ ಬಸವರಾಜುವಿನ ಕೈಯನ್ನು ಮುಂಗೈ ಬೆಳ್ಳಗಾಗುವಂತೆ ಹಿಡಿದ. ಕಣ್ಣುಗುಡ್ಡೆ ಮೇಲೆ ಹೋಯಿತು. ಬಾಳೆಗೊನೆ ಬಿದ್ದಂತೆ ಬೀಗರ ತೊಡೆಯ ಮೇಲೆ ಉರುಳಿದ.

ಬಸವೇಶ ಬಾಯಿ ಮೇಲೆ ಕೈಯಿಟ್ಟುಕೊಂಡ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಸ್ನೇಹಲತಾ ಒಬ್ಬಳೇ ಗಾಬರಿಯಾಗಲಿಲ್ಲ. ಸಾವಧಾನವಾಗಿ ಒಳಗೆ ಹೋಗಿ ಒಂದು ಈರುಳ್ಳಿ ಜಜ್ಜಿ ತಂದು ಗಂಡನ ಮೂಗಿಗೆ ಹಿಡಿದಳು.

ರಂಗಸ್ವಾಮಿ ಕಣ್ಣು ಬಿಟ್ಟ. ಸುತ್ತ ನೋಡಿದ. ಬೀಗರ ತೊಡೆಯಿಂದ ತಲೆ ಎತ್ತದೆಯೇ ಮೆಲ್ಲಗೆ ಕೇಳಿದ.

"ಆ ಹುಡ್ಗಿ ಬಾಗ್ಲು ತೆಗುದ್ಲಾ?"

ಬಸವರಾಜುವಿನ ಹೊಟ್ಟೆ ಕುಲುಕತೊಡಗಿತು. ಆ ಕುಲುಕಾಟ ಅವರ ಮುಖಕ್ಕೆ ಬರುವಷ್ಟರಲ್ಲಿ ಕಿಟಕಿಯಲ್ಲಿದ್ದವರೆಲ್ಲ ನಗುತ್ತಿದ್ದರು. ಬಾಗಿಲ ಬಳಿ ಅನುಶ್ರೀ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು, ನಗುವೋ ಅಳುವೋ ಹೇಳಲು ಬರುವಂತಿರಲಿಲ್ಲ. ಆದರೆ ಅಭಿಷೇಕ್ ನಗಲಿಲ್ಲ. ಅವನು ಹತ್ತಿರ ಬಂದು ಕುಳಿತ.

"ನೀವು ನಿದ್ದೆ ಮಾಡಿದ ದಿನ ನಂಗೆ ಒಳಗೇ ಬೇಜಾರಾಗಿತ್ತು ಮಾವ. ಹೆದರದೆ ಇದ್ರೆ ಇದನ್ನ ಯಾಕೆ ನೋಡ್ಬೇಕು? ಸುಳ್ಳು ರಕ್ತ ಅಂತ ಗೊತ್ತಿರುತ್ತೆ, ಆದ್ರೂ ಎದೆ ಹೊಡ್ಕೊಳುತ್ತೆ. ಮುಗಿದ್ಮೇಲೆ ಆಚೆ ಬಂದು ಒಂದು ಕಾಫಿ ಕುಡೀರಿ, ಬದುಕಿದೀನಲ್ಲ ಅನ್ಸುತ್ತೆ."

ಉಳಿದದ್ದನ್ನೂ ನೋಡಿಯೇ ಬಿಡೋಣ ಎಂದು ರಂಗಸ್ವಾಮಿಯೇ ಹೇಳಿದ. ಆ ಹುಡುಗಿ ಏನಾದಳೆಂದು ತಿಳಿಯದೆ ತನಗೆ ನಿದ್ದೆ ಬರುವುದಿಲ್ಲ ಎಂದ. ಒಂದು ಕೈಯಲ್ಲಿ ಈರುಳ್ಳಿ, ಇನ್ನೊಂದು ಕೈಯಲ್ಲಿ ಬೀಗರ ಕೈ. ನಡುವೆ ಮತ್ತೆ ಬಿದ್ದ, ಎದ್ದ, ಬೆರಳ ಸಂದಿಯಿಂದ ನೋಡಿದ. ಬಸವರಾಜು ಕೂಡ ಅವನ ಈರುಳ್ಳಿಯನ್ನು ಒಮ್ಮೆ ಇಸಿದುಕೊಂಡು ಮೂಸಿದರು. ಮುಗಿದ ಮೇಲೆ ಸ್ನೇಹಲತಾ ಕಾಫಿ ಕೊಟ್ಟಳು. ಬದುಕೆಲ್ಲ ಕಾಫಿ ಮಾರಿದ ಬಸವರಾಜು ಒಂದು ಗುಟುಕು ಕುಡಿದು, ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಇದಕ್ಕೆ ಯಾವ ಪುಡಿ ಹಾಕಿದ್ದೀರಿ ತಾಯಿ ಎಂದು ಕೇಳಿದರು. ಅದು ಅದೇ ಹಳೆಯ ಪುಡಿ.

ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎನ್ನುತ್ತಾರೆ. ಇಲ್ಲಿ ಮದುವೆಯೂ ಆಯಿತು, ಹುಚ್ಚು ಮಾವನಿಗೂ ಹತ್ತಿತು.

ಬೀಗರೂಟ ಹಿರೀಸಾವೆಯಲ್ಲಿ. ರಂಗಸ್ವಾಮಿಗೆ ಅಂದು ಬೆಳಗ್ಗೆ ಮನಸ್ಸಿನಲ್ಲಿ ಅಳುಕು. ಗುಟ್ಟು ಊರಿಗೆಲ್ಲ ಗೊತ್ತಾಗಿತ್ತು. ಇನ್ನು ಮರಿಯ ಮುಂದೆ ತನ್ನನ್ನು ಯಾರು ನಿಲ್ಲಿಸುತ್ತಾರೆ ಎಂದು ಹೋಟೆಲಿನ ಹಿತ್ತಿಲ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದ. ಬಸವೇಶನೇ ಬಂದು ಕರೆದ. ನೀನು ಎದುರಿಗೆ ನಿಲ್ಲದೆ ನನಗೆ ಕೈ ಬರುವುದಿಲ್ಲ ಎಂದ. ರಂಗಸ್ವಾಮಿ ಹೋಗಿ, ಪಂಚೆ ಎತ್ತಿ ಕಟ್ಟಿ, ಸೊಂಟದ ಮೇಲೆ ಕೈಯಿಟ್ಟು ನಿಂತ. ಎರಡೂ ಕಡೆಯ ನೆಂಟರು ಸುತ್ತುಗಟ್ಟಿದರು. ಈ ಸಲ ಎಲ್ಲರ ಕಣ್ಣೂ ಮರಿಯ ಮೇಲಿರಲಿಲ್ಲ, ಅವನ ಮೇಲಿತ್ತು.

ಬಸವೇಶ ಕತ್ತಿ ಎತ್ತಿದ. ರಂಗಸ್ವಾಮಿಯ ಬಾಯಿ ಒಣಗಿ ಮಾತು ಹೊರಡಲಿಲ್ಲ.

ಆಗ ಅವನ ಪಕ್ಕದಲ್ಲಿದ್ದ ಮಿತಭಾಷಿ ಬಸವರಾಜು ಒಲೆಯ ಕಡೆ ತಿರುಗಿ, ಹೆದ್ದಾರಿಯ ಲಾರಿಗಳೂ ನಿಧಾನಿಸುವಂತೆ ಕೂಗಿದರು.

"ಈರುಳ್ಳಿ ಸಣ್ಣಗೆ ಹೆಚ್ರಲಾ."

ಕೂಡಲೇ ದೇವರಾಜು ತಿರುಗಿದ. ಮೇಷ್ಟ್ರು ತಿರುಗಿದರು. ಅಳಿಯ ತಿರುಗಿದ. ಎರಡು ಊರಿನ ಗಂಡಸರು ಒಬ್ಬರೂ ತಪ್ಪದೆ ಮರಿಗೆ ಬೆನ್ನು ಹಾಕಿ, ಈರುಳ್ಳಿ ಸಣ್ಣಗೆ, ಈರುಳ್ಳಿ ಸಣ್ಣಗೆ ಎಂದು ಗದ್ದಲ ಎಬ್ಬಿಸಿದರು. ಎಲ್ಲರಿಗಿಂತ ದೊಡ್ಡ ದನಿ ಆಮೇಲೆ ರಂಗಸ್ವಾಮಿಯದೇ ಆಯಿತು. ಈರುಳ್ಳಿ ಹೆಚ್ಚುತ್ತಿದ್ದ ಹೆಂಗಸರು ಇದೇನು ಬಂತು ಈ ಗಂಡಸರಿಗೆ ಎಂದು ಕಕ್ಕಾಬಿಕ್ಕಿಯಾದರು.

ಇತ್ತ ಮರಿಯ ಕಡೆ ಬಸವೇಶನನ್ನು ಬಿಟ್ಟರೆ ಉಳಿದದ್ದು ಒಬ್ಬರೇ. ದೊಡ್ಡಮ್ಮ ಕುರ್ಚಿ ಎಳೆದುಕೊಂಡು ಮುಂದೆ ಕುಳಿತು, ಮೊದಲಿನಿಂದ ಕೊನೆಯವರೆಗೆ ಕಣ್ಣು ಕೀಳದೆ ನೋಡಿದಳು. ಎಲ್ಲ ಮುಗಿದ ಮೇಲೆ ಎಲೆಅಡಿಕೆ ಚೀಲದ ದಾರ ಬಿಗಿ ಮಾಡುತ್ತ ಬೇಸರದಿಂದ ತಲೆ ಆಡಿಸಿದಳು.

"ಪಿಕ್ಚರಿನಷ್ಟು ಚಂದಾಗಿಲ್ಲ ಕಣ್ಲಾ ಬಸವೇಶ."